ಕೈ ತೊಳೆಸುವ ವಿದ್ಯೆ: ಆಸ್ಪತ್ರೆ ಸುಧಾರಣೆಗೆ ತರಬೇತಿ ಹುಟ್ಟಿದ ಬಗೆ

1847ರಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ಇಗ್ನಾಜ್ ಸೆಮ್ಮೆಲ್ವೀಸ್ ಎಂಬ ಯುವ ವೈದ್ಯರು ಒಂದು ಕಟ್ಟಳೆ ತಂದರು. ಶವಪರೀಕ್ಷೆ ಮುಗಿಸಿ ಬಂದವರು ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಕೈ ತೊಳೆಯದೆ ಗರ್ಭಿಣಿಯರನ್ನು ಮುಟ್ಟುವಂತಿರಲಿಲ್ಲ. 1846ರಲ್ಲಿ ಅಲ್ಲಿ ನೂರಕ್ಕೆ 11 ತಾಯಂದಿರು ಸತ್ತಿದ್ದರು. 1848ರಲ್ಲಿ ಒಬ್ಬರಿಗಿಂತ ಸ್ವಲ್ಪವಷ್ಟೇ ಹೆಚ್ಚು. ಲೆಕ್ಕ ಕಣ್ಣೆದುರಿಗಿದ್ದರೂ ಹಿರಿಯರನೇಕರು ಒಪ್ಪಲಿಲ್ಲ, ಸೆಮ್ಮೆಲ್ವೀಸ್ ಅವರ ಹುದ್ದೆಯೂ ಮುಂದುವರಿಯಲಿಲ್ಲ. ತಮ್ಮ ಪುಸ್ತಕ ಹೊರತರಲು ಅವರು 1861ರವರೆಗೆ ತಡೆದರು. ಅಷ್ಟರಲ್ಲಿ ಮಾತಿನಲ್ಲಿ ಕಹಿ ತುಂಬಿಕೊಂಡಿತ್ತು.

ಓದಿದಾಗಲೆಲ್ಲ ಮನಸ್ಸು ಕಲಕುವ ಕತೆಯಿದು. ಅವರಿಗೆ ರೋಗದ ದಾರಿ ಗೊತ್ತಿತ್ತು, ಅಂಕಿಅಂಶವೂ ಗೊತ್ತಿತ್ತು. ಇನ್ನೊಬ್ಬರ ಕೈ ತೊಳೆಸುವುದು ಹೇಗೆ ಎಂಬುದನ್ನು ಮಾತ್ರ ಅವರಿಗೆ ಯಾರೂ ಕಲಿಸಿರಲಿಲ್ಲ.

ಬಾಸ್ಟನ್ನಿನ ಶಸ್ತ್ರಚಿಕಿತ್ಸಕ ಅರ್ನೆಸ್ಟ್ ಕಾಡ್ಮನ್ ಅವರದೂ ಹೆಚ್ಚುಕಡಿಮೆ ಇದೇ ಪಾಡು. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅವರು ಕೇಳಿದ್ದು ಸರಳ: ಪ್ರತಿ ರೋಗಿಗೆ ಕೊನೆಗೆ ಏನಾಯಿತು ಎಂದು ಆಸ್ಪತ್ರೆ ಬರೆದಿಡಲಿ, ತಪ್ಪಿದ್ದರೆ ಅದನ್ನೂ ಪ್ರಕಟಿಸಲಿ. ಸಹೋದ್ಯೋಗಿಗಳು ದೂರವಾದರು.

ಬದಲಾವಣೆಯನ್ನು ವಿಧಾನವಾಗಿ ಕಲಿಸುವ ಕೆಲಸ ಬೆಳೆದದ್ದು ಕಾರ್ಖಾನೆಗಳಲ್ಲಿ. 1924ರಲ್ಲಿ ಅಮೆರಿಕದ ವಿಜ್ಞಾನಿ ವಾಲ್ಟರ್ ಶೂಹಾರ್ಟ್ ಮೊದಲ ನಿಯಂತ್ರಣ ನಕ್ಷೆ ಬರೆದರು: ದಿನದಿನದ ಸಹಜ ಏರಿಳಿತ ಯಾವುದು, ನಿಜವಾದ ಬದಲಾವಣೆ ಯಾವುದು ಎಂದು ಬೇರ್ಪಡಿಸುವ ಚಿತ್ರ. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಈ ವಿಚಾರಗಳನ್ನು ಜಪಾನಿನ ಎಂಜಿನಿಯರುಗಳಿಗೆ ಪಾಠ ಹೇಳಿದರು. ಆಸ್ಪತ್ರೆಗಳ ಬಾಗಿಲಿಗೆ ಅವು ಬರಲು ಇನ್ನೂ ಸುಮಾರು ನಾಲ್ಕು ದಶಕ ಬೇಕಾಯಿತು. 1989ರಲ್ಲಿ ಮಕ್ಕಳ ವೈದ್ಯ ಡೊನಾಲ್ಡ್ ಬರ್ವಿಕ್, ಕೆಟ್ಟ ವೈದ್ಯರನ್ನು ಹುಡುಕಿ ಶಿಕ್ಷಿಸುವುದರಿಂದ ಗುಣಮಟ್ಟ ಏರದು, ಕೆಲಸ ನಡೆಯುವ ವ್ಯವಸ್ಥೆಯನ್ನೇ ತಿದ್ದಬೇಕು ಎಂದು ವಾದಿಸಿದರು.

ಆದರೆ ತಿದ್ದುವವರು ಯಾರು? ಅಮೆರಿಕದ ಯೂಟಾದಲ್ಲಿ ಬ್ರೆಂಟ್ ಜೇಮ್ಸ್ 1992ರಲ್ಲಿ ಇದಕ್ಕೆಂದೇ ತರಬೇತಿ ಶುರುಮಾಡಿದರು. ಬಂದವರು ಪಾಠ ಕೇಳಿ ಎದ್ದುಹೋಗುವಂತಿರಲಿಲ್ಲ, ತಮ್ಮ ಕೆಲಸದ ಜಾಗದ ಒಂದು ಸಮಸ್ಯೆ ಹಿಡಿದು ಯೋಜನೆ ಮಾಡಿ ತೋರಿಸಬೇಕಿತ್ತು. ಈಜು ಕಲಿಯಲು ನೀರಿಗಿಳಿಯಲೇಬೇಕಲ್ಲ. ನನ್ನ ಮಟ್ಟಿಗೆ ಈ ಚರಿತ್ರೆಯ ನಿಜವಾದ ತಿರುವು ಇದೇ. ಇಂದಿನ ಒಳ್ಳೆಯ ತರಬೇತಿಗಳ ಬೆನ್ನೆಲುಬೂ ಇದೇ: ಏನು ಸಾಧಿಸಬೇಕು, ಸುಧಾರಿಸಿದೆ ಎಂದು ತಿಳಿಯುವುದು ಹೇಗೆ, ಯಾವ ಬದಲಾವಣೆ ಮಾಡಿ ನೋಡೋಣ ಎಂದು ಕೇಳಿಕೊಳ್ಳುವುದು, ಮೊದಲು ಒಬ್ಬ ರೋಗಿಯ ಮೇಲೆ, ಒಂದು ಪಾಳಿಯಲ್ಲಿ ಪ್ರಯತ್ನಿಸಿ, ಅಳೆದು, ತಿದ್ದಿ, ಮತ್ತೆ ಪ್ರಯತ್ನಿಸುವುದು.

1999ರಲ್ಲಿ ಅಮೆರಿಕದ ವೈದ್ಯಕೀಯ ಸಂಸ್ಥೆಯ ವರದಿ ಅಲ್ಲಿನ ಆಸ್ಪತ್ರೆಗಳಲ್ಲಿ ತಪ್ಪುಗಳಿಂದಲೇ ವರ್ಷಕ್ಕೆ 44,000ದಿಂದ 98,000 ಜನ ಸಾಯುತ್ತಿರಬಹುದೆಂದು ಅಂದಾಜಿಸಿತು. ಆ ಬಳಿಕ ಈ ಕಲಿಕೆ ಐಚ್ಛಿಕವಾಗಿ ಉಳಿಯುವುದು ಕಷ್ಟವಾಯಿತು.

ಅದರ ಫಲ ಚೆನ್ನಾಗಿ ಕಂಡದ್ದು ಅಮೆರಿಕದ ಮಿಷಿಗನ್ ರಾಜ್ಯದ ತೀವ್ರ ನಿಗಾ ಘಟಕಗಳಲ್ಲಿ. ದೊಡ್ಡ ರಕ್ತನಾಳಕ್ಕೆ ಹಾಕುವ ಕೊಳವೆಯಿಂದ ಹರಡುವ ಸೋಂಕು ತಡೆಯಲು ಐದು ಕ್ರಮಗಳನ್ನು ಆರಿಸಿದ್ದರು. ಅವುಗಳಲ್ಲೊಂದು ಕೈ ತೊಳೆಯುವುದು! ಪ್ರತಿ ಘಟಕದಿಂದ ಕನಿಷ್ಠ ಒಬ್ಬ ವೈದ್ಯರು, ಒಬ್ಬ ನರ್ಸ್ ಮುಂದಾಳುಗಳಾದರು. ಅವರಿಗೆ ಎರಡು ವಾರಕ್ಕೊಮ್ಮೆ ಫೋನ್ ಸಭೆ, ವರ್ಷಕ್ಕೆರಡು ಬಾರಿ ಮುಖಾಮುಖಿ ಭೇಟಿ. ಕ್ರಮ ತಪ್ಪಿದರೆ ವೈದ್ಯರನ್ನು ನಿಲ್ಲಿಸುವ ಹಕ್ಕು ನರ್ಸ್‌ಗೂ ಇತ್ತು. ಸಾವಿರ ಕೊಳವೆ-ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಕೊಳವೆ ಇದ್ದರೆ ಅದು ಒಂದು ಕೊಳವೆ-ದಿನ) ಸರಾಸರಿ 7.7 ಇದ್ದ ಸೋಂಕು ಒಂದೂವರೆ ವರ್ಷದಲ್ಲಿ 1.4ಕ್ಕೆ ಇಳಿಯಿತು ಎಂದು 2006ರಲ್ಲಿ ವರದಿಯಾಯಿತು.

ಇಂಗ್ಲೆಂಡ್ ಅದೇ ಕ್ರಮಗಳನ್ನು ತನ್ನ ಘಟಕಗಳಿಗೂ ತಂದಿತು. ಸೋಂಕು ಇಳಿಯಿತು, ಆದರೆ ಇನ್ನೂ ಯೋಜನೆಗೆ ಸೇರದಿದ್ದ ಘಟಕಗಳಲ್ಲೂ ಇಳಿಯುತ್ತಿತ್ತು. ಹಾಗಾಗಿ ಶ್ರೇಯ ಯಾವುದಕ್ಕೆ ಎಂದು ಹೇಳುವುದೇ ಕಷ್ಟವಾಯಿತು. ವಾರ್ಡುಗಳಲ್ಲಿ ನಿಂತು ಗಮನಿಸಿದ ಸಂಶೋಧಕರಿಗೆ ಹಲವು ಕಡೆ ಕಂಡದ್ದು, ಇದು ಮೇಲಿನಿಂದ ಬಂದ ಆದೇಶ ಎಂಬ ಭಾವನೆ. ಕಾಗದದ ಪಟ್ಟಿ ಕಡಲು ದಾಟಿತ್ತು; ಅದನ್ನು ತಮ್ಮದೆಂದು ಹಿಡಿದು ನಡೆಸುವವರು ಎಲ್ಲ ಘಟಕಗಳಲ್ಲೂ ಇರಲಿಲ್ಲ.