ಕಪ್ಪೆ ಮದುವೆಯೂ ಕೋಚ್ ಬದಲಾವಣೆಯೂ

ನವೆಂಬರ್ ಬಂತೆಂದರೆ ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ, ಅಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಅವರದೇ ಆಟದಲ್ಲಿ, ಕೋಚ್‌ಗಳ ತಲೆದಂಡ ಶುರು. ತಂಡ ಎಂಟು ಪಂದ್ಯ ಸೋತಿತು, ಕೋಚ್ ಮನೆಗೆ ಹೋದ, ಮರುವರ್ಷ ಹೊಸಬನ ಕೈಯಲ್ಲಿ ಸೋಲು ಆರಕ್ಕಿಳಿಯಿತು. ಬದಲಿಸಿದ್ದೇ ಒಳ್ಳೆಯದಾಯಿತು ಅನ್ನುತ್ತಾರೆ ಎಲ್ಲರೂ.

ಮಳೆ ಕೈಕೊಟ್ಟಾಗ ನಮ್ಮ ಹಳ್ಳಿಗಳಲ್ಲಿ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. ಕೆಲವು ದಿನಕ್ಕೆ ಮಳೆ ಬಂದರೆ ಪುಣ್ಯ ಕಪ್ಪೆಗೆ. ಆದರೆ ಮದುವೆ ಮಾಡುವುದೇ ಬಿಸಿಲು ವಿಪರೀತಕ್ಕೆ ಹೋದಾಗ. ಅಲ್ಲಿಂದ ಹವೆ ಎಂದಿನ ಸ್ಥಿತಿಗೆ ಮರಳುವ ಸಂಭವವೇ ಹೆಚ್ಚು. ಜ್ವರ ನೆತ್ತಿಗೇರಿದ ರಾತ್ರಿ ಕಟ್ಟಿದ ತಾಯತವೂ ಹಾಗೆಯೇ ಹೆಸರು ಗಳಿಸುತ್ತದೆ. ಕೋಚ್‌ನನ್ನು ಕಿತ್ತುಹಾಕುವುದೂ ತಂಡದ ಅತಿ ಕೆಟ್ಟ ವರ್ಷದಲ್ಲೇ ಅಲ್ಲವೇ?

ಇದನ್ನು ಅಂಕಿಗಳಲ್ಲಿ ಹಿಡಿದವನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. 1886ರಲ್ಲಿ ಅವನು 205 ದಂಪತಿಗಳ ಎತ್ತರವನ್ನು ಅವರ 928 ಮಕ್ಕಳ ಎತ್ತರದ ಜೊತೆ ಇಟ್ಟು ನೋಡಿದ. ತೀರಾ ಎತ್ತರದವರ ಮಕ್ಕಳು ಎತ್ತರವೇ, ಆದರೆ ಸಾಮಾನ್ಯವಾಗಿ ಅಪ್ಪ ಅಮ್ಮನಷ್ಟಲ್ಲ. ಕುಳ್ಳರ ಮಕ್ಕಳು ಅಷ್ಟು ಕುಳ್ಳರಲ್ಲ. ಸರಾಸರಿಯತ್ತ ಮರಳುವಿಕೆ ಅಂದರೆ ಇದೇ. ಫುಟ್‌ಬಾಲ್ ಋತುವಿನಲ್ಲಿ ಇರುವುದು ಹನ್ನೆರಡೇ ಲೀಗ್ ಹಂತದ ಪಂದ್ಯ. ಮೊಟ್ಟೆಯಂಥ ಚೆಂಡು ಕೈಜಾರಿದರೆ ಯಾರ ಕಡೆ ಪುಟಿಯುತ್ತದೋ ಹೇಳಲಾಗದು. ಅಂಥ ಎರಡು ಪುಟಿತಗಳು ಸಾಕು, ಇಡೀ ವರ್ಷದ ಲೆಕ್ಕ ತಲೆಕೆಳಗು.

ಹಾಗಾದರೆ ಸರಿಯಾದ ಪರೀಕ್ಷೆ ಯಾವುದು? ಮದುವೆ ಮಾಡದ ಊರಿನ ಮಳೆಯನ್ನೂ ಅಳೆಯಬೇಕು. ಸ್ಕಾಟ್ ಆಡ್ಲರ್, ಮೈಕೆಲ್ ಬೆರ್ರಿ, ಡೇವಿಡ್ ಡೊಹರ್ಟಿ ಎಂಬ ಸಂಶೋಧಕರು ಮಾಡಿದ್ದು ಅದನ್ನೇ. 1997ರಿಂದ 2010ರವರೆಗಿನ ದಾಖಲೆ ತೆಗೆದು, ಕೋಚ್ ಬದಲಿಸಿದ ತಂಡಗಳನ್ನು ಅಷ್ಟೇ ಸೋತರೂ ಬದಲಿಸದ ತಂಡಗಳೊಂದಿಗೆ ತೂಗಿದರು. ತೀರಾ ಸೋತ ತಂಡಗಳಲ್ಲಿ ಬದಲಾವಣೆಯಿಂದ ಹೆಚ್ಚೇನೂ ಆಗಲಿಲ್ಲ. ಮಧ್ಯಮ ತಂಡಗಳು ಬದಲಿಸದವರಿಗಿಂತ ಹಿಂದೆಯೇ ಬಿದ್ದವು.

ನೆಬ್ರಾಸ್ಕ ವಿಶ್ವವಿದ್ಯಾಲಯ ಇದನ್ನು ಕಷ್ಟಪಟ್ಟು ಕಲಿಯಿತು. 2003ರಲ್ಲಿ ಒಂಬತ್ತು ಗೆದ್ದು ಮೂರು ಸೋತ ಕೋಚ್ ಫ್ರಾಂಕ್ ಸೋಲಿಚ್‌ರನ್ನು ಅದು ತೆಗೆದುಹಾಕಿತು. ಮರುವರ್ಷ ಬಿಲ್ ಕ್ಯಾಲಹನ್ ಕೈಯಲ್ಲಿ ಐದು ಗೆಲುವು, ಆರು ಸೋಲು. 1961ರ ನಂತರ ಆ ತಂಡ ಗೆಲುವಿಗಿಂತ ಹೆಚ್ಚು ಸೋಲು ಕಂಡದ್ದು ಅದೇ ಮೊದಲು.

ಇಂಡಿಯಾನ ವಿಶ್ವವಿದ್ಯಾಲಯದ ಕಥೆ ಮಾತ್ರ ಬೇರೆ. 2023ರಲ್ಲಿ ಮೂರೇ ಗೆಲುವು. ಹೊಸ ಕೋಚ್ ಕರ್ಟ್ ಸಿಗ್ನೆಟಿ ಬಂದ 2024ರಲ್ಲಿ ಹನ್ನೊಂದು. ಇಷ್ಟು ದೊಡ್ಡ ನೆಗೆತ ಸರಾಸರಿಯ ಎಳೆತಕ್ಕೆ ದಕ್ಕುವುದಿಲ್ಲ. ಆದರೆ ಸಿಗ್ನೆಟಿ ಒಬ್ಬರೇ ಬರಲಿಲ್ಲ. ತಮ್ಮ ಹಳೆಯ ಜೇಮ್ಸ್ ಮ್ಯಾಡಿಸನ್ ವಿಶ್ವವಿದ್ಯಾಲಯದ ತಂಡದಿಂದ ಹತ್ತಕ್ಕೂ ಹೆಚ್ಚು ಆಟಗಾರರನ್ನು, ಸಹಾಯಕ ಕೋಚ್‌ಗಳನ್ನು ಜೊತೆಗೇ ಕರೆತಂದಿದ್ದರು.