ರ್‍ಯಾಕ್ ಕಬ್ಬಿಣದ್ದೇ ತಾನೆ, ರೂಟರ್‌ಗೆ ಬೇರೆ ಅರ್ಥಿಂಗ್ ಯಾಕೆ?

ಪ್ರಶ್ನೆ: ರೂಟರನ್ನು ರ್‍ಯಾಕ್‌ಗೆ ಸ್ಕ್ರೂ ಹಾಕಿ ಕೂರಿಸಿದ್ದೇವೆ. ರ್‍ಯಾಕ್‌ಗೆ ಅರ್ಥಿಂಗ್ ಇದೆ, ಪವರ್ ಕಾರ್ಡ್‌ನಲ್ಲೂ ಮೂರನೇ ಪಿನ್ ಇದೆ. ಡಬ್ಬಿಯಲ್ಲಿ ಬಂದ ಅರ್ಥಿಂಗ್ ಲಗ್ (ಅರ್ಥಿಂಗ್ ತಂತಿಯ ತುದಿಗೆ ಕೂರಿಸಿ ಸ್ಕ್ರೂ ಹಾಕುವ ಲೋಹದ ತುಂಡು) ಹಾಕಲೇಬೇಕೆ?

ಹಾಕಲೇಬೇಕು. ಈ ಉತ್ತರವನ್ನು ಎಷ್ಟು ಸಲ ಬರೆದರೂ ಪ್ರಶ್ನೆ ಮತ್ತೆ ಬರುತ್ತದೆ. ಹಾಗಾಗಿ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ಕೂರಿಸುವ ಕೆಲಸದ ಬಗ್ಗೆ ಒಂದೇ ಮಾತು. ಸಾಧನಗಳ ಎತ್ತರವನ್ನು ಯು ಎಂಬ ಅಳತೆಯಲ್ಲಿ ಹೇಳುತ್ತಾರೆ. 1ಯು ಎಂದರೆ 44.45 ಮಿ.ಮೀ., ಕಂಬದಲ್ಲಿ ಅಷ್ಟು ಎತ್ತರಕ್ಕೆ ಮೂರು ತೂತು. ತೂತುಗಳ ನಡುವಿನ ಅಂತರ ಎಲ್ಲೆಡೆ ಒಂದೇ ಅಲ್ಲ: 15.9, 15.9, ಆಮೇಲೆ 12.7 ಮಿ.ಮೀ. ಒಂದು ಯು ಮುಗಿದು ಇನ್ನೊಂದು ಶುರುವಾಗುವುದು ಆ ಕಿರಿದಾದ ಅಂತರದ ನಟ್ಟನಡುವೆ. ಅದನ್ನು ನೋಡದೆ ಕೇಜ್ ನಟ್ (ತೂತಿಗೆ ಸಿಕ್ಕಿಸುವ, ಪುಟ್ಟ ಪಂಜರದೊಳಗಿನ ನಟ್) ಸಿಕ್ಕಿಸಿದರೆ ರೂಟರು ಒಂದು ತೂತಿನಷ್ಟು ಮೇಲೆ ಕೂತು, ಪಕ್ಕದ ಯು ಕೂಡ ಹಾಳಾಗುತ್ತದೆ.

ಈಗ "ಸ್ಕ್ರೂ ಹಾಕಿದರೆ ಅರ್ಥಿಂಗ್ ಆದಂತೆ" ಎಂಬ ನಂಬಿಕೆಗೆ ಬರೋಣ. ಬಹುತೇಕ ರ್‍ಯಾಕ್‌ಗಳ ಕಂಬಕ್ಕೆ ಪೌಡರ್ ಕೋಟಿಂಗ್ ಇರುತ್ತದೆ. ಅದು ಕರೆಂಟು ಹಾಯಿಸುವುದಿಲ್ಲ. ರೂಟರಿನ ಎರಡು ಬದಿಯ ಬ್ರ್ಯಾಕೆಟ್‌ಗೂ ಬಣ್ಣ. ಬಣ್ಣಕ್ಕೆ ಬಣ್ಣ ಒತ್ತಿ ಕೂತಿದೆ, ಅಷ್ಟೆ. ಲೋಹಕ್ಕೆ ಲೋಹ ತಾಗಿದರೆ ಅದು ಸ್ಕ್ರೂವಿನ ಥ್ರೆಡ್‌ನಲ್ಲಿ, ಕೇಜ್ ನಟ್ಟಿನ ಪಂಜರ ತೂತಿನ ಅಂಚನ್ನು ಕೆರೆದ ಗೆರೆಯಲ್ಲಿ.

"ಮಲ್ಟಿಮೀಟರ್ ಹಿಡಿದರೆ ಬೀಪ್ ಬರುತ್ತದಲ್ಲ" ಎನ್ನುತ್ತಾರೆ. ಈ ನಂಬಿಕೆ ಸಾಯದಿರುವುದೇ ಆ ಬೀಪ್‌ನಿಂದ. ಮೀಟರು ಹಾಯಿಸುವುದು ಒಂದೆರಡು ಮಿಲಿಆಂಪಿಯರ್. ಸೂಜಿಮೊನೆಯಷ್ಟು ಜಾಗ ತಾಗಿದ್ದರೂ ಅದು ದಾಟಿಬಿಡುತ್ತದೆ. ಒಳಗೆ ಫೇಸ್ ತಂತಿ ಚಾಸಿಗೆ (ರೂಟರಿನ ಲೋಹದ ಪೆಟ್ಟಿಗೆಗೆ) ತಾಗಿದಾಗ ಬರುವುದು ಹತ್ತಾರು, ನೂರಾರು ಆಂಪಿಯರ್. ಅಷ್ಟು ಕರೆಂಟು ಹೊತ್ತು ಬ್ರೇಕರನ್ನು ಬೀಳಿಸುವ ತಾಕತ್ತು ಆ ಸೂಜಿಮೊನೆಗಿಲ್ಲ.

ಮೂರನೇ ಪಿನ್ ತನ್ನ ಕೆಲಸ ಮಾಡುತ್ತದೆ, ಇಲ್ಲ ಎನ್ನುವುದಿಲ್ಲ. ಆದರೆ ಪವರ್ ಸಪ್ಲೈ ಬದಲಿಸಲು ಕಾರ್ಡ್ ಕಿತ್ತಿರೋ, ಅರ್ಥಿಂಗೂ ಅದರ ಜೊತೆಗೇ ಹೋಯಿತು. ನೆಟ್‌ವರ್ಕ್ ಕೇಬಲ್‌ಗಳು ಮಾತ್ರ ಚಾಸಿಗೆ ಅಂಟಿಕೊಂಡೇ ಇರುತ್ತವೆ. ಸಾಕೆಟ್ಟಿನ ಹಿಂದೆ ಅರ್ಥಿಂಗ್ ತಂತಿ ಕಳಚಿದ್ದರೆ, ಪವರ್ ಸಪ್ಲೈಯ ಫಿಲ್ಟರ್ ಕೆಪಾಸಿಟರ್‌ಗಳು ಚಾಸಿಯನ್ನು ಸರಬರಾಜಿನ ಅರ್ಧ ವೋಲ್ಟೇಜಿಗೆ ಎತ್ತಿ ನಿಲ್ಲಿಸುತ್ತವೆ. ಅಂಚಿಗೆ ಮೊಣಕೈ ಸವರಿದಾಗ ಜುಮ್ಮೆನ್ನುವುದು ಇದೇ. ಇನ್ನು ಮೈನಸ್ 48 ವೋಲ್ಟ್ ಡಿಸಿ ರೂಟರುಗಳ ಎರಡು ತಂತಿಯ ಫೀಡ್‌ನಲ್ಲಿ ಮೂರನೇ ಪಿನ್ ಎಂಬುದೇ ಇಲ್ಲ.

ಹಾಕುವ ಬಗೆ ಹೀಗೆ. ಮ್ಯಾನುಯಲ್ ಬೇರೆ ಹೇಳದಿದ್ದರೆ 6 ಎಡಬ್ಲ್ಯುಜಿ (ತಂತಿಯ ದಪ್ಪದ ಅಮೆರಿಕನ್ ಅಳತೆ) ಅಥವಾ 16 ಚದರ ಮಿ.ಮೀ. ತಾಮ್ರದ ತಂತಿ, ಹಸಿರು-ಹಳದಿ ಬಣ್ಣದ್ದು. ಲಗ್ ಎರಡು ತೂತಿನದೇ ಇರಲಿ. ಒಂದು ತೂತಿನದು ತಂತಿ ಎಳೆದಾಗ ತಿರುಗಿ ಸಡಿಲವಾಗುತ್ತದೆ. ಲಗ್ಗನ್ನು ಸರಿಯಾದ ಡೈನಲ್ಲಿ (ಅಚ್ಚಿನಲ್ಲಿ) ತಂತಿಗೆ ಒತ್ತಿ ಕ್ರಿಂಪ್ ಮಾಡಬೇಕು. ಪ್ಲೈಯರ್‌ನಲ್ಲಿ ಜಜ್ಜಿದರೆ ಎಳೆಗಳು ಜಾರಿ ಹೊರಬರುತ್ತವೆ. ರೂಟರಿನಲ್ಲಿ ಅರ್ಥಿಂಗ್ ಗುರುತಿರುವ ಜಾಗಕ್ಕೆ ಬಣ್ಣ ಇರುವುದಿಲ್ಲ. ರ್‍ಯಾಕ್ ಕಡೆ ಅರ್ಥಿಂಗ್ ಪಟ್ಟಿಗೇ ಕಟ್ಟಿ. ಪಟ್ಟಿ ಇಲ್ಲದಿದ್ದರೆ ಲಗ್ ಕೂರುವಷ್ಟು ಜಾಗದ ಬಣ್ಣವನ್ನು ಲೋಹ ಹೊಳೆಯುವವರೆಗೆ ಕೆರೆದು, ತುಕ್ಕು ತಡೆಯುವ ಪೇಸ್ಟ್ ತೆಳ್ಳಗೆ ಸವರಿ, ಹಲ್ಲಿನ ವಾಶರ್ ಇಟ್ಟು ಬಿಗಿಯಿರಿ. ಒಂದು ರೂಟರಿನಿಂದ ಇನ್ನೊಂದಕ್ಕೆ ಸರಪಳಿ ಕಟ್ಟಬೇಡಿ, ನಡುವಿನದನ್ನು ಬಿಚ್ಚಿದರೆ ಮುಂದಿನವೆಲ್ಲ ಅನಾಥ.

ಉಳಿದ ತಂತಿಯನ್ನು ಸುರುಳಿ ಸುತ್ತಿ ಟೈ ಕಟ್ಟುವವರಿದ್ದಾರೆ. ದಯವಿಟ್ಟು ಕತ್ತರಿಸಿ. ನೇರ ತಂತಿಗೇ ಮೀಟರಿಗೆ ಸುಮಾರು 1 ಮೈಕ್ರೋಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ದಿಢೀರ್ ಏರಿಳಿತಕ್ಕೆ ಅಡ್ಡಿಯಾಗುವ ಗುಣ) ಇರುತ್ತದೆ. ಮೈಕ್ರೋಸೆಕೆಂಡಿಗೆ 1000 ಆಂಪಿಯರ್ ಏರುವ ಸಿಡಿಲಿನ ಸರ್ಜ್ ಬಂದರೆ ಪ್ರತಿ ಮೀಟರಿಗೆ 1000 ವೋಲ್ಟ್. ಸುರುಳಿ ಅದನ್ನು ಇನ್ನೂ ಹೆಚ್ಚಿಸುತ್ತದೆ.

ಹಾಕುವಾಗ ಅರ್ಥಿಂಗ್ ಮೊದಲು, ಬಿಚ್ಚುವಾಗ ಅದೇ ಕೊನೆ.

ಪವರ್ ಮಾತು ಬಂದಿದ್ದಕ್ಕೆ ಇದನ್ನೂ ಸೇರಿಸುತ್ತೇನೆ, ಯಾರೂ ಕೇಳಿಲ್ಲ. ಎರಡು ಪವರ್ ಸಪ್ಲೈ ಇರುವ ರೂಟರಿನ ಎರಡೂ ಕಾರ್ಡ್‌ಗಳನ್ನು ಒಂದೇ ಪಿಡಿಯುಗೆ (ಕರೆಂಟು ಹಂಚುವ ಸಾಕೆಟ್‌ಗಳ ಸಾಲಿಗೆ) ಚುಚ್ಚಿದರೆ ಎರಡನೆಯದು ಇದ್ದೂ ಇಲ್ಲದಂತೆ. ಬೇರೆ ಬೇರೆ ಪಿಡಿಯುಗೆ, ಸಾಧ್ಯವಿದ್ದರೆ ಬೇರೆ ಯುಪಿಎಸ್‌ಗೆ ಕೊಡಿ. ಅದಾದ ಮೇಲೂ ಒಂದು ಲೆಕ್ಕ ಉಳಿಯುತ್ತದೆ: ಎರಡೂ ಸಪ್ಲೈಗಳು ಹೊರೆ ಹಂಚಿಕೊಂಡಿರುತ್ತವೆ. ಎರಡೂ ಪಿಡಿಯು ತಲಾ 60 ಶೇಕಡ ತುಂಬಿದ್ದು ಒಂದು ಬಿದ್ದರೆ, ಇನ್ನೊಂದಕ್ಕೆ 120 ಶೇಕಡ ಬಂದು ಅದೂ ಟ್ರಿಪ್ ಆಗುತ್ತದೆ. ಎರಡರ ಹೊರೆ ಕೂಡಿದರೂ ಒಂದರ ಮಿತಿಯೊಳಗೇ ಇರಬೇಕು. ರೂಟರಿಗೆ ಟ್ರಾಫಿಕ್ ಬಿಡುವ ಮುನ್ನ ಒಂದು ಕಾರ್ಡ್ ಕಿತ್ತು ಇನ್ನೊಂದು ಪಿಡಿಯುನ ಆಂಪಿಯರ್ ಓದಿಕೊಳ್ಳಿ, ಆಮೇಲೆ ಅದಲುಬದಲು ಮಾಡಿ ಮತ್ತೊಮ್ಮೆ ಓದಿ.