ಹಾಲ್ ಹೌಸ್: ಮಾಡಿನ ಮಸಿ ಹೇಳುವ ಮನೆಯ ವಯಸ್ಸು

ನೆಲದಿಂದ ಮಾಡಿನ ತುದಿಯವರೆಗೆ ಅಟ್ಟವಿಲ್ಲದೆ ತೆರೆದುಕೊಂಡ ಒಂದು ದೊಡ್ಡ ನಡುಮನೆ, ಅದರ ನೆಲದ ಮೇಲೆಯೇ ಉರಿಯುವ ಬೆಂಕಿ, ಹೊಗೆ ಹೊರಹೋಗಲು ಮಾಡಿನ ಸಂದುಗಳನ್ನು ಬಿಟ್ಟರೆ ಬೇರೆ ದಾರಿಯಿಲ್ಲದ ವ್ಯವಸ್ಥೆ: ಮಧ್ಯಯುಗದ ಇಂಗ್ಲೆಂಡಿನಲ್ಲಿ ಹೀಗೆ ಕಟ್ಟಿದ ಮನೆಯನ್ನು ವಾಸ್ತು ಇತಿಹಾಸಕಾರರು ‘ಹಾಲ್ ಹೌಸ್’ ಎನ್ನುತ್ತಾರೆ. ಶ್ರೀಮಂತರ ಬಂಗಲೆಗಳಷ್ಟೇ ಅಲ್ಲ, ಸ್ಥಿತಿವಂತ ರೈತರ ಒಕ್ಕಲುಮನೆಗಳೂ ಇದೇ ಮಾದರಿಯವು. ಆಗ್ನೇಯ ಭಾಗದ ಕೆಂಟ್ ಮತ್ತು ಸಸೆಕ್ಸ್ ಸೀಮೆಗಳಲ್ಲಿ ಇಂಥವು ಇಂದಿಗೂ ಬಹಳಷ್ಟು ಉಳಿದಿವೆ, ಆದರೆ ಹಾದಿಯಲ್ಲಿ ನಿಂತು ನೋಡಿದವರಿಗೆ ಅವು ಹಾಲ್ ಹೌಸ್‌ಗಳೆಂದು ತಿಳಿಯುವುದೇ ಅಪರೂಪ.

ಮೂಲ ವಿನ್ಯಾಸ ಸರಳವಾದದ್ದು. ಓಕ್ ಮರದ ಕಂಬ, ತೊಲೆಗಳ ಚೌಕಟ್ಟು. ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮೆತ್ತಿದ ಮಣ್ಣಿನ ಗೋಡೆ. ನಡುಮನೆಯ ಒಂದು ತುದಿಯಲ್ಲಿ ಎದುರುಬದುರಾದ ಎರಡು ಬಾಗಿಲುಗಳ ನಡುವೆ ಹಾದುಹೋಗುವ ಓಣಿ, ಅದರಾಚೆ ಪಾನೀಯ ಮತ್ತು ದಿನಸಿ ಇಡುವ ಬಟರಿ, ಪ್ಯಾಂಟ್ರಿ ಎಂಬ ಎರಡು ಕೋಣೆಗಳು. ಇನ್ನೊಂದು ತುದಿಯಲ್ಲಿ ಯಜಮಾನನ ಆಸನ, ಅದರ ಹಿಂದೆ ಕುಟುಂಬದ ಖಾಸಗಿ ಕೋಣೆ, ಮೇಲೆ ಸೋಲಾರ್ ಎಂಬ ಮಲಗುವ ಕೋಣೆ. ಕಿಟಕಿಗಳಿಗೆ ಗಾಜಿರಲಿಲ್ಲ, ಮರದ ಸರಳುಗಳು ಮತ್ತು ಮುಚ್ಚುವ ಹಲಗೆಗಳಷ್ಟೇ ಇದ್ದವು.

16ನೇ ಶತಮಾನದಲ್ಲಿ ಈ ನಡುಮನೆಯ ಸ್ವರೂಪ ಬದಲಾಗತೊಡಗಿತು. ಧಾನ್ಯದ ಬೆಲೆ ಏರಿ ರೈತರ ಕೈಯಲ್ಲಿ ಹಣ ಓಡಾಡಿತು, ಇಟ್ಟಿಗೆ ಸುಲಭವಾಗಿ ಸಿಗತೊಡಗಿತು, ಒಬ್ಬೊಬ್ಬರಿಗೂ ಬೇರೆ ಕೋಣೆ ಬೇಕೆಂಬ ಆಸೆಯೂ ಬೆಳೆಯಿತು. ಮೊದಲು ಹೊಗೆಯನ್ನು ಒಂದು ಮೂಲೆಯ ಕಿರಿದಾದ ಅಂಕಣಕ್ಕೆ ಸೀಮಿತಗೊಳಿಸಿದರು. ಆಮೇಲೆ ಇಟ್ಟಿಗೆಯ ಚಿಮಣಿ ಕಟ್ಟಿ, ನಡುಮನೆಗೆ ಅಡ್ಡಲಾಗಿ ತೊಲೆ ಹಾಕಿ ಮೇಲೊಂದು ಅಂತಸ್ತು ಸೇರಿಸಿದರು. ಎಷ್ಟೋ ಕಡೆ ಈ ಚಿಮಣಿ ಹಳೆಯ ಓಣಿಯ ಮಧ್ಯದಲ್ಲೇ ಎದ್ದಿತಾದ್ದರಿಂದ, ಮುಂಬಾಗಿಲು ತೆರೆದವರು ಇಟ್ಟಿಗೆಯ ಗೋಡೆಗೆ ಮುಖಾಮುಖಿಯಾಗುವಂತಾಯಿತು. ಇತಿಹಾಸಕಾರ ಡಬ್ಲ್ಯು. ಜಿ. ಹಾಸ್ಕಿನ್ಸ್ 1953ರಲ್ಲಿ 1570ರಿಂದ 1640ರವರೆಗಿನ ಈ ಅಲೆಯನ್ನು ‘ಗ್ರೇಟ್ ರೀಬಿಲ್ಡಿಂಗ್’ ಎಂದು ಕರೆದರು. ಪ್ರದೇಶದಿಂದ ಪ್ರದೇಶಕ್ಕೆ ಕಾಲ ಬೇರೆಯೆಂದು ನಂತರದ ವಿದ್ವಾಂಸರು ಆಕ್ಷೇಪಿಸಿದ್ದಾರೆ, ಅದು ನ್ಯಾಯವಾದ ಆಕ್ಷೇಪವೇ ಹೌದು. ಆದರೂ ಹೆಸರು ಉಳಿದಿದೆ.

18ನೇ ಶತಮಾನದ ಒಡೆಯರು ಒಳಗಿಗಿಂತ ಹೊರಗಿನ ಅಂದಕ್ಕೆ ಹೆಚ್ಚು ಗಮನ ಕೊಟ್ಟರು. ಮರದ ಚೌಕಟ್ಟಿನ ಮುಂದೆ ಇಟ್ಟಿಗೆಯ ಗೋಡೆ ಎಬ್ಬಿಸಿ, ಇಲ್ಲವೇ ಗೋಡೆಗೆ ಹೆಂಚು ತೂಗುಹಾಕಿ, ಮೇಲೆ ಕೆಳಗೆ ಸರಿಯುವ ಗಾಜಿನ ಕಿಟಕಿ ಕೂರಿಸಿ ಮನೆಗೆ ಹೊಸ ಕಾಲದ ಮುಖ ಕೊಟ್ಟರು. ಆದ್ದರಿಂದ ಗೋಡೆಯ ಮೇಲೆ ಕೆತ್ತಿದ ಇಸವಿಯನ್ನು ಮನೆಯ ಹುಟ್ಟಿದ ವರ್ಷವೆಂದು ನಂಬಬಾರದು. ಅದು ಬಹುಪಾಲು ಯಾವುದೋ ಒಂದು ದುರಸ್ತಿಯ ವರ್ಷವಷ್ಟೇ ಆಗಿರಬಹುದು.

ನಂಬಬೇಕಾದದ್ದು ಅಟ್ಟದ ಮೇಲಿನ ಕತ್ತಲನ್ನು. ಸೌದೆ ಒಲೆಯ ಅಡುಗೆಮನೆಯ ಜಂತಿಗೆ ಇಲ್ಲಣ ಕಟ್ಟುವಂತೆ, ತೆರೆದ ಬೆಂಕಿಯ ಹೊಗೆ ನಡುಮನೆಯ ಮೇಲಿನ ಪಕಾಸಿಗಳಿಗೆ ತಲೆಮಾರುಗಳ ಕಾಲ ಹಿಡಿದು ಮರವನ್ನೇ ಕಪ್ಪಾಗಿಸಿರುತ್ತದೆ. ಮುಚ್ಚಿದ ಅಡ್ಡಗೋಡೆಯ ಒಂದು ಪಕ್ಕದ ಮರ ಕಪ್ಪಾಗಿ ಇನ್ನೊಂದು ಪಕ್ಕದ್ದು ಶುಭ್ರವಾಗಿದ್ದರೆ, ನಡುಮನೆ ಎಲ್ಲಿಗೆ ಮುಗಿಯುತ್ತಿತ್ತೆಂಬುದು ನಿಚ್ಚಳವಾಗುತ್ತದೆ. ತೊಲೆಯ ಅಡಿಯಲ್ಲಿ ಸಾಲಾಗಿ ಕಾಣುವ ವಜ್ರಾಕಾರದ ಖಾಲಿ ತೂತುಗಳು, ಗಾಜಿಲ್ಲದ ಹಳೆಯ ಕಿಟಕಿಯ ಸರಳುಗಳು ಅಲ್ಲಿದ್ದವೆಂಬುದಕ್ಕೆ ಸಾಕ್ಷಿ. ಓಕ್ ಮರವನ್ನು ಹಸಿಯಾಗಿಯೇ ಬಳಸುತ್ತಿದ್ದುದರಿಂದ, ತೊಗಟೆಯ ಅಂಚು ಉಳಿದಿರುವ ತೊಲೆಯ ವರ್ಷವೃತ್ತಗಳನ್ನು ಎಣಿಸಿ ಹೋಲಿಸಿದರೆ ಮರ ಕಡಿದ ವರ್ಷವೂ, ಅದರ ಬೆನ್ನಿಗೇ ಮನೆ ಕಟ್ಟಿದ ಕಾಲವೂ ತಿಳಿಯುತ್ತವೆ.

ಹಾಲ್ ಹೌಸ್ ಮೂಲದಲ್ಲಿ ಹೇಗಿತ್ತೆಂದು ನೋಡಲು ವೆಸ್ಟ್ ಸಸೆಕ್ಸ್‌ನ ಸಿಂಗಲ್ಟನ್ನಿನಲ್ಲಿರುವ ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ವಸ್ತುಸಂಗ್ರಹಾಲಯದ ಬೇಲೀಫ್ ಮನೆ ತಕ್ಕ ಸ್ಥಳ. 15ನೇ ಶತಮಾನದ ಆರಂಭದ ಈ ಮನೆ ಕೆಂಟ್‌ನಲ್ಲಿತ್ತು. ಬೋ ಬೀಚ್ ಜಲಾಶಯದ ಯೋಜನೆಗೆ ಸಿಕ್ಕ ಅದನ್ನು 1960ರ ದಶಕದ ಕೊನೆಯಲ್ಲಿ ಬಿಚ್ಚಿ, ಇಲ್ಲಿಗೆ ತಂದು ಮತ್ತೆ ನಿಲ್ಲಿಸಿದರು. ಆಗ ನಂತರದ ಶತಮಾನಗಳ ಸೇರ್ಪಡೆಗಳನ್ನು ಕೈಬಿಟ್ಟು ಸುಮಾರು 1540ರ ರೂಪವನ್ನು ಆರಿಸಿಕೊಂಡರು. ನೋಡುಗರಿಗೆ ಇದರಿಂದ ತೆರೆದ ನಡುಮನೆಯ ಎತ್ತರ ಕಣ್ಣಾರೆ ಸಿಗುತ್ತದೆ; ಆದರೆ ಮುಂದಿನ ಕಾಲದ ಒಕ್ಕಲುಗಳು ಅದೇ ಮನೆಯನ್ನು ತಮ್ಮ ಅನುಕೂಲಕ್ಕೆ ಹೇಗೆ ಒಗ್ಗಿಸಿಕೊಂಡರೆಂಬ ಭಾಗ ಅಲ್ಲಿ ಕಾಣುವುದಿಲ್ಲ. ಅದನ್ನು ನೋಡಲು ಜನ ಇನ್ನೂ ವಾಸವಾಗಿರುವ, ಚಿಮಣಿಯೂ ಇಟ್ಟಿಗೆಯ ಮುಖವೂ ಹಾಗೆಯೇ ಇರುವ ಹಳ್ಳಿಯ ಮನೆಗಳಿಗೇ ಹೋಗಬೇಕು.